ಬೋರಾನ್ ಲೇಪನ ದಪ್ಪ ಮಾಡಿದರೂ ನ್ಯೂಟ್ರಾನ್ ಎಣಿಕೆ ಏರುತ್ತಿಲ್ಲ, ಯಾಕೆ?

ಪ್ರಶ್ನೆ (ಪೆರಿಯ, ಕಾಸರಗೋಡು): ರಿಯಾಕ್ಟರಿನ ನ್ಯೂಟ್ರಾನ್ ಎಣಿಸುವ ಬೋರಾನ್ ಲೇಪಿತ ಕೌಂಟರನ್ನು (ಒಳಗೋಡೆಗೆ ಬೋರಾನ್ ಬಳಿದು ಅನಿಲ ತುಂಬಿದ ಕೊಳವೆ) ಜಿಯಾಂಟ್4ರಲ್ಲಿ, ಅಂದರೆ ಕಣಗಳ ಓಟವನ್ನು ಅನುಕರಿಸುವ ಸಾಫ್ಟ್‌ವೇರಿನಲ್ಲಿ, ಕಟ್ಟಿದ್ದೇನೆ. ನ್ಯೂಟ್ರಾನ್ ಬರುವುದು ಹೊರಗೋಡೆಯ ಕಡೆಯಿಂದ. ಲೇಪನ 3 ಮೈಕ್ರಾನ್ ದಾಟಿದ ಮೇಲೆ ಎಣಿಕೆ ಇಳಿಯುತ್ತದೆ. ಕೋಡ್ ತಪ್ಪೇ?

ಮಂಜೇಶ್ವರದಿಂದ: ತಪ್ಪಲ್ಲ. ಬೋರಾನ್-10 ನ್ಯೂಟ್ರಾನ್ ನುಂಗಿದಾಗ ಶೇ 94ರಷ್ಟು ಸಲ 1.47 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಆಲ್ಫಾ ಕಣ, 0.84 ಎಂಇವಿ ಲಿಥಿಯಂ ಕಣ ವಿರುದ್ಧ ದಿಕ್ಕಿಗೆ ಹಾರುತ್ತವೆ. ಒಂದು ಅನಿಲದ ಕಡೆಗೆ ಹೋದರೆ ಇನ್ನೊಂದು ಗೋಡೆಗೆ. ಆಲ್ಫಾ ಬೋರಾನಿನಲ್ಲಿ ಮೂರೂವರೆ ಮೈಕ್ರಾನಿನಷ್ಟೇ ಸಾಗೀತು. ಅದಕ್ಕಿಂತ ಆಳದಲ್ಲಿ ಹುಟ್ಟಿದ್ದು ಅಲ್ಲೇ ನಿಲ್ಲುತ್ತದೆ, ಜೊತೆಗೆ ಆ ಪದರ ನ್ಯೂಟ್ರಾನನ್ನೂ ತಿಂದುಹಾಕುತ್ತದೆ. ದಪ್ಪ ಬಿಡಿ, ಮೇಲ್ಮೈ ಹೆಚ್ಚಿಸಿ: ಕೊಳವೆಯೊಳಗೆ ಲೇಪಿಸಿದ ತೆಳು ತಗಡುಗಳು, ಇಲ್ಲವೇ ಸಣ್ಣ ಕೊಳವೆಗಳ ಕಟ್ಟು.

ಬದಿಯಡ್ಕದಿಂದ: ಜಿಯಾಂಟ್4ರ ಸಿದ್ಧ ವಸ್ತು ಜಿ4_ಬಿ ಅಂದರೆ ನೈಸರ್ಗಿಕ ಬೋರಾನ್, ಅದರಲ್ಲಿ ಬೋರಾನ್-10 ಸುಮಾರು ಶೇ 20 ಮಾತ್ರ. ಐಸೊಟೋಪ್ ಪ್ರಮಾಣ ನೀವೇ ಬರೆಯಿರಿ. ಫಿಸಿಕ್ಸ್ ಲಿಸ್ಟ್ (ಕಣಗಳ ಕ್ರಿಯೆಗಳನ್ನು ಲೆಕ್ಕ ಹಾಕುವ ಮಾದರಿಗಳ ಪಟ್ಟಿ) ಎಚ್‌ಪಿ, ಅಂದರೆ ಕಡಿಮೆ ಶಕ್ತಿಯ ನ್ಯೂಟ್ರಾನಿನ ನಿಖರ ಮಾದರಿ, ಇರುವಂಥದ್ದೇ ಆಗಬೇಕು. ಸುತ್ತ ನ್ಯೂಟ್ರಾನ್ ವೇಗ ತಗ್ಗಿಸುವ ಪಾಲಿಥೀನ್ ಇದ್ದರೆ 4 ಇವಿ (ಎಲೆಕ್ಟ್ರಾನ್ ವೋಲ್ಟ್) ಕೆಳಗಿನ ಥರ್ಮಲ್ ಸ್ಕ್ಯಾಟರಿಂಗ್ ಡೇಟಾ, ಅಂದರೆ ನಿಧಾನದ ನ್ಯೂಟ್ರಾನ್ ಅಣುಗಳಿಗೆ ಬಡಿದು ಚದುರುವ ಮಾಹಿತಿ, ಸೇರಿಸಲೇಬೇಕು. ಲೇಪನದೊಳಗೆ ಸ್ಟೆಪ್ (ಕಣವನ್ನು ಒಂದು ಸಲಕ್ಕೆ ಮುಂದೊಯ್ಯುವ ದೂರ) 0.1 ಮೈಕ್ರಾನಿಗೆ ಇಳಿಸಿ.

ಪ್ರಶ್ನೆ ಕೇಳಿದವರು: ಥ್ರೆಶೋಲ್ಡ್, ಅಂದರೆ ಎಣಿಕೆಗೆ ಸೇರಲು ಬೇಕಾದ ಕನಿಷ್ಠ ಶಕ್ತಿಯ ಗೆರೆ, ಎಲ್ಲಿಡುವುದು?

ಮಂಜೇಶ್ವರದಿಂದ: ಅದೇ ಜ್ಯಾಮಿತಿಗೆ ಸೀಸಿಯಂ-137ರ 662 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಗಾಮಾ ಕಿರಣ ಹಾಯಿಸಿ ನೋಡಿ, ಅದು ಅನಿಲದಲ್ಲಿ ಬಿಡುವ ಶಕ್ತಿಯ ಸ್ಪೆಕ್ಟ್ರಮ್ (ಎಷ್ಟು ಶಕ್ತಿಗೆ ಎಷ್ಟು ಎಣಿಕೆ ಎಂಬ ನಕ್ಷೆ) ಮುಗಿಯುವಲ್ಲಿ ಗೆರೆ ಎಳೆಯಿರಿ. ಲೇಪಿತ ಕೌಂಟರಿನ ನ್ಯೂಟ್ರಾನ್ ಸ್ಪೆಕ್ಟ್ರಮ್ ಸೊನ್ನೆಯವರೆಗೂ ಚಾಚಿರುತ್ತದೆ, ಹಾಗಾಗಿ ಆ ಗೆರೆಯ ಕೆಳಗೆ ಕಳೆದುಹೋಗುವ ಎಣಿಕೆಯನ್ನೂ ದಕ್ಷತೆಯಲ್ಲಿ ಲೆಕ್ಕ ಹಿಡಿಯಿರಿ.