ಪದ ಬೇಕು: ‘ಡ್ಯುಯಲ್ ಕ್ಲಚ್ ಆಟೋಮೆಟಿಕ್’ (ಫ್ಲೆಕ್ಸಿಗೆ, ನಾಳೆ 11ರೊಳಗೆ)

ಬಳ್ಳಾರಿಯಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ. ಈ ಭಾನುವಾರ ಊರ ಹೊರಗಿನ ಬೀಳು ಹೊಲದಲ್ಲಿ ನಾವು ಕೆಲವು ಗೆಳೆಯರು ರ‍್ಯಾಲಿಕ್ರಾಸ್ ಇಟ್ಟುಕೊಂಡಿದ್ದೇವೆ. ಹವ್ಯಾಸಕ್ಕೆ ಮಾತ್ರ, ಬಹುಮಾನ ಇಲ್ಲ. ಈ ಹೆಸರಿನಲ್ಲಿ 1967ರಲ್ಲಿ ಇಂಗ್ಲೆಂಡಿನ ಲಿಡನ್ ಹಿಲ್‌ನಲ್ಲಿ ಶುರುವಾದದ್ದು ಹಲವು ಕಾರು ಒಟ್ಟಿಗೆ ಓಡುವ ಆಟ. ಅಮೆರಿಕದ ಹವ್ಯಾಸಿಗಳು ಅದೇ ಹೆಸರಿನಲ್ಲಿ ಮಣ್ಣಿನ ಮೇಲೆ ಕೋನ್ ಇಟ್ಟು, ಒಂದು ಸಲಕ್ಕೆ ಒಂದೇ ಗಾಡಿ ಬಿಟ್ಟು, ಸಮಯ ಅಳೆಯುತ್ತಾರೆ. ನಮ್ಮದು ಆ ಎರಡನೆಯ ಬಗೆ.

ನಿಯಮಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ‘ಡ್ಯುಯಲ್ ಕ್ಲಚ್’ ಹತ್ತಿರ ನಿಂತುಬಿಟ್ಟಿದ್ದೇನೆ. ಈ ಗಾಡಿಯಲ್ಲಿ ಒಂದು ಕ್ಲಚ್ 1, 3, 5ನೇ ಗೇರಿಗೆ, ಇನ್ನೊಂದು 2, 4, 6ಕ್ಕೆ. ಮೂರರಲ್ಲಿ ಓಡುತ್ತಿರುವಾಗಲೇ ನಾಲ್ಕು ತಯಾರಾಗಿ ಕೂತಿರುತ್ತದೆ. ಕಾಲಿಗೆ ಪೆಡಲ್ ಸಿಗುವುದಿಲ್ಲ, ಅದಕ್ಕೇ ಓಡಿಸುವವರು ಕ್ಲಚ್ಚೇ ಇಲ್ಲ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಹೋದ ಸಲ ಬಿಸಿಲಿನಲ್ಲಿ ಸಾಲಿನಲ್ಲಿ ಇಂಚಿಂಚು ತೆವಳಿದೆ. ಒಣ (ಎಣ್ಣೆಯಲ್ಲಿ ಮುಳುಗಿರದ) ಕ್ಲಚ್ಚು ಕಾದು ಮೀಟರಿನಲ್ಲಿ ಎಚ್ಚರಿಕೆ ಬಂತು. ನನ್ನ ಸುತ್ತುಗಳೆಲ್ಲ ಹೋದವು. ಹಾಗಾಗಿ ಬೋರ್ಡು ಓದಿದವರಿಗೆ ‘ಒಳಗೆ ಕ್ಲಚ್ ಇದೆ, ಅದೂ ಎರಡು’ ಅನ್ನುವುದು ತಿಳಿಯಬೇಕು. ಏನು ಬರೆಯಲಿ?

ಕೊಪ್ಪಳದಿಂದ:

‘ದ್ವಿಕ್ಲಚ್’. ‘ದ್ವಿಚಕ್ರ’ ಎಲ್ಲರಿಗೂ ಗೊತ್ತು, ಅದೇ ದಾರಿ.

ರಾಯಚೂರಿನಿಂದ:

ಬೇಡವೇ ಬೇಡ. ‘ದ್ವಿ’ಗೆ ‘ಕ್ಲಚ್’ ಕಟ್ಟಿದರೆ ಅರಿಸಮಾಸಕ್ಕಿಂತ (ಕನ್ನಡಕ್ಕೆ ಸಂಸ್ಕೃತ ಬೆಸೆದ ಸಮಾಸ) ಕೆಟ್ಟದ್ದು. ಎರಡೂ ತುದಿ ಹೊರಗಿನವು, ನಡುವೆ ಕನ್ನಡವೇ ಇಲ್ಲ.

ಪದ ನಮ್ಮಲ್ಲೇ ಇದೆ: ‘ಇಪ್ಪಿಡಿ’. ಇರ್ (ಎರಡು) + ಪಿಡಿ (ಹಿಡಿ). ಇಕ್ಕೆಲ, ಇಮ್ಮಡಿ, ಇನ್ನೂರು ಆದ ಹಾಗೇ. ‘ಇಬ್ಬಿಡಿ’ ಯಾಕಲ್ಲ, ‘ಇಹ್ಹಿಡಿ’ ಯಾಕಲ್ಲ ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹಳಗನ್ನಡದ ಪಕಾರ ಪದದ ಮೊದಲಲ್ಲಿ ಒಂಟಿಯಾಗಿದ್ದಾಗ ಹಕಾರವಾಯಿತು. ಒತ್ತಿನಲ್ಲಿದ್ದಾಗ ಹಾಗೇ ಉಳಿಯಿತು. ಪತ್ತು ‘ಹತ್ತು’ ಆಯಿತು, ಆದರೆ ನಾವು ಇವತ್ತಿಗೂ ‘ಇಪ್ಪತ್ತು’ ಅನ್ನುತ್ತೇವೆ. ಪೊತ್ತು ‘ಹೊತ್ತು’ ಆಯಿತು, ಆದರೆ ಶನಿವಾರ ಮಾಡುವುದು ‘ಒಪ್ಪೊತ್ತು’. ಹಾಗಿದ್ದ ಮೇಲೆ ಪಿಡಿ ‘ಹಿಡಿ’ಯಾದರೂ ಜೋಡಣೆಯಲ್ಲಿ ಬರಬೇಕಾದದ್ದು ‘ಇಪ್ಪಿಡಿ’ಯೇ. ಇಂಗ್ಲಿಷಿನ ಕ್ಲಚ್ಚಿಗೂ ಮೂಲದಲ್ಲಿ ಬಿಗಿಯಾಗಿ ಹಿಡಿಯುವುದು ಅಂತಲೇ ಅರ್ಥ. ಇಷ್ಟು ಚೆನ್ನಾಗಿ ಕೂಡಿಬರುವ ಪದ ನನ್ನ ಕಣ್ಣಿಗೆ ಬಿದ್ದು ತುಂಬಾ ದಿನ ಆಗಿತ್ತು.

ಬಳ್ಳಾರಿಯಿಂದ, ಗ್ಯಾರೇಜಿನವರು:

ಮೇಷ್ಟ್ರೇ, ಪದ ಚೆಂದ ಇದೆ. ಬೋರ್ಡಿಗೆ ಆಗುವುದಿಲ್ಲ. ಹಿಡಿ ಅಂದರೆ ನಮಗೆ ಹಿಡಿ ಅಕ್ಕಿ, ಕೊಡಲಿಯ ಹಿಡಿ. ಕ್ಲಚ್ ನೆನಪಾಗುವುದಿಲ್ಲ.

ಗ್ಯಾರೇಜಿನಲ್ಲಿ ಹುಡುಗರು ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಅಂತಲೇ ಅನ್ನುತ್ತಾರೆ. ಗಾಡಿ ತಂದವರೂ ‘ಕ್ಲಚ್ ಸುಟ್ಟ ವಾಸನೆ ಬರ್ತಿದೆ’ ಅಂತಲೇ ಬರುತ್ತಾರೆ. ಆ ವಾಸನೆಯ ನೆನಪು ಇರುವುದು ಆ ಪದದಲ್ಲಿ. ಪದ ತೆಗೆದರೆ ಎಚ್ಚರಿಕೆಯೇ ಹೋಯಿತು, ಅಲ್ವಾ?

ಇನ್ನೊಂದು ಮಾತು, ನಿಯಮದ ಹಾಳೆಗೆ ಬೇಕಾಗಬಹುದು. ಈ ಗಾಡಿಗಳಲ್ಲಿ ಗೇರ್ ಬದಲಾಗುವಾಗ ಎಳೆತ ಕಡಿಮೆಯಾಗುವುದಿಲ್ಲ, ಎಡಗಾಲು ಬ್ರೇಕಿಗೆ ಸಿಗುತ್ತದೆ. ಮಣ್ಣಿನಲ್ಲಿ ಅದು ಒಳ್ಳೆಯದೇ. ಆದರೆ ಮ್ಯಾನುಯಲ್ ಮೋಡಿನಲ್ಲಿ ಇಟ್ಟರೂ ಎಷ್ಟೋ ಗಾಡಿಗಳು ಎಂಜಿನ್ ಸುತ್ತು ಏರಿದ ಕೂಡಲೇ ತಾವೇ ಮೇಲಿನ ಗೇರಿಗೆ ಹೋಗುತ್ತವೆ, ಅದೂ ತಿರುವಿನ ನಡುವೆ ಹಿಂಬದಿ ಜಾರುತ್ತಿರುವಾಗ. ಹ್ಯಾಂಡ್ ಬ್ರೇಕ್ ಎಳೆದು ತಿರುಗಿಸುವವರು ಮಾಮೂಲಿ ಗಾಡಿಯಲ್ಲಿ ಜೊತೆಗೇ ಕ್ಲಚ್ ಒತ್ತುತ್ತಾರೆ. ಇಲ್ಲಿ ಒತ್ತಲು ಪೆಡಲ್ಲೇ ಇಲ್ಲ. ಹ್ಯಾಂಡ್ ಬ್ರೇಕ್ ಬದಲು ಬರೀ ಸ್ವಿಚ್ ಇರುವ ಗಾಡಿಯಲ್ಲಿ ಆ ಆಸೆ ಬಿಡಬೇಕು. ನಿಂತಲ್ಲಿಂದ ಜೋರಾಗಿ ಹೊರಡಿಸುವ ಲಾಂಚ್ ಕಂಟ್ರೋಲ್ ಮತ್ತೆ ಮತ್ತೆ ಬಳಸಿದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚೂ ಕಾಯುತ್ತದೆ.

ನನ್ನ ಮಾತು ಕೇಳುವುದಾದರೆ ‘ಜೋಡಿ ಕ್ಲಚ್’ ಅಂತ ಬರೆಯಿರಿ.

ರಾಯಚೂರಿನಿಂದ:

ಜೋಡಿ ಹಿಂದಿ, ಮರಾಠಿ ಎಲ್ಲದರಲ್ಲೂ ಓಡಾಡುವ ಪದ. ಅದನ್ನೂ ಬಿಡಿ, ಅರ್ಥವೇ ತಪ್ಪು. ಜೋಡೆತ್ತು ಒಟ್ಟಿಗೆ ಎಳೆಯುತ್ತವೆ. ನೀವೇ ಹೇಳಿದ ಪ್ರಕಾರ ಇಲ್ಲಿ ಒಂದು ಬಿಡುವಾಗ ಇನ್ನೊಂದು ಹಿಡಿಯುತ್ತದೆ.

ಎಲ್ಲದಕ್ಕೂ ‘ಜನ ಹೀಗೇ ಅನ್ನುತ್ತಾರೆ’ ಅಂದರೆ ಕನ್ನಡದಲ್ಲಿ ಹೊಸ ಪದ ಹುಟ್ಟುವುದು ಯಾವಾಗ? ಗೇರ್, ಬ್ರೇಕ್, ಕ್ಲಚ್, ಎಲ್ಲವನ್ನೂ ಸುಮ್ನೆ ತಂದುಕೊಂಡೆವು. ಯಾರೂ ಹೇರಲಿಲ್ಲ. ನನಗೆ ನೋವಾಗುವುದು ಅದಕ್ಕೇ.

ಕೊಪ್ಪಳದಿಂದ:

ಸರ್, ನಿಮ್ಮ ಜಿಲ್ಲೆ, ನನ್ನ ಜಿಲ್ಲೆ ಎರಡೂ 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದವು. ನಮ್ಮ ಮನೆಯಲ್ಲಿ ಇವತ್ತಿಗೂ ಆಸ್ಪತ್ರೆಗೆ ದವಾಖಾನೆ ಅನ್ನುತ್ತಾರೆ. ಅರ್ಜಿ, ಜಮೀನು, ವಕೀಲ ಇವಿಲ್ಲದೆ ನಮ್ಮ ಅಜ್ಜ ಒಂದು ಕಾಗದ ಬರೆದಿರಲಿಕ್ಕಿಲ್ಲ. ಬಳ್ಳಾರಿ 1953ರ ತನಕ ಮದ್ರಾಸಿನ ಜೊತೆಗಿತ್ತು, ಅಲ್ಲಿಯ ಮಾತಿನಲ್ಲಿ ತೆಲುಗು ಜಾಸ್ತಿ. ಯಾರ ಕನ್ನಡ ಕೆಟ್ಟಿತು?

ಪದ ನಮ್ಮದಾಯಿತೋ ಇಲ್ಲವೋ ನೋಡಲು ವಿಭಕ್ತಿ ಹಚ್ಚಿ ನೋಡಿ. ಕ್ಲಚ್ಚು, ಕ್ಲಚ್ಚಿಗೆ, ಕ್ಲಚ್ಚಿನ. ಚಕಾರ ತಾನೇ ಇಮ್ಮಡಿಯಾಯಿತು, ಕೊನೆಗೆ ಉಕಾರ ಬಂತು. ಬಸ್ಸು, ಬಸ್ಸಿನ ಆದ ಹಾಗೆ. ಇದಕ್ಕಿಂತ ಹೆಚ್ಚು ಕನ್ನಡವಾಗುವುದು ಹೇಗೆ? ನನ್ನ ‘ದ್ವಿ’ಯನ್ನು ವಾಪಸ್ ತಗೊಳ್ಳುತ್ತೇನೆ. ‘ಎರಡು ಕ್ಲಚ್ಚಿನ’ ಅಂದರೆ ಸಾಕಲ್ಲ? ಸಮಾಸವೇ ಬೇಡ.

ರಾಯಚೂರಿನಿಂದ:

ಅದು ಪದವಲ್ಲ, ವಿವರಣೆ.

ಬಳ್ಳಾರಿಯಿಂದ, ಕೇಳಿದವರು:

ವಿವರಣೆಯೇ ನನಗೆ ಬೇಕಿತ್ತು ಸರ್. ಎರಡೂ ಒಟ್ಟಿಗೆ ಹಿಡಿಯುತ್ತವೆ ಅಂತಲೂ ಅದು ಹೇಳುವುದಿಲ್ಲ, ಒಳಗೆ ಕ್ಲಚ್ ಇರುವುದನ್ನು ಮುಚ್ಚಿಡುವುದೂ ಇಲ್ಲ. ಇಪ್ಪತ್ತು, ಒಪ್ಪೊತ್ತಿನ ಮಾತು ಓದಿ ತುಂಬಾ ಖುಷಿಯಾಯಿತು, ಮಗಳಿಗೂ ಓದಿ ಹೇಳಿದೆ. ಫ್ಲೆಕ್ಸಿಗೆ ಮಾತ್ರ ಹೀಗೆ ಕಳಿಸುತ್ತಿದ್ದೇನೆ:

“ರ‍್ಯಾಲಿಕ್ರಾಸ್. ಎರಡು ಕ್ಲಚ್ಚಿನ ಆಟೋಮೆಟಿಕ್ ಗಾಡಿಗಳು ಈ ಸಾಲಿಗೆ. ಪೆಡಲ್ ಇಲ್ಲ, ಕ್ಲಚ್ ಇದೆ. ಸಾಲಿನಲ್ಲಿ ತೆವಳಬೇಡಿ. ಮುಂದೆ ಜಾಗ ಪೂರ್ತಿ ಖಾಲಿಯಾದ ಮೇಲೆ ಒಂದೇ ಸಲ ಬನ್ನಿ. ನಿಂತಾಗ ನ್ಯೂಟ್ರಲ್ ಮಾಡಿ, ಬ್ರೇಕ್ ಹಾಕಿ.”

ಕೊಪ್ಪಳದಿಂದ:

ಚೆನ್ನಾಗಿದೆ. ಮುದ್ರಣಕ್ಕೆ ಬಿಡುವ ಮೊದಲು ‘ರ‍್ಯಾಲಿ’ ಒಮ್ಮೆ ನೋಡಿ. ಫ್ಲೆಕ್ಸ್ ಅಂಗಡಿಯಲ್ಲಿ ಮತ್ತೆ ಟೈಪ್ ಮಾಡಿದರೆ ಅರ್ಕಾವತ್ತು ಬಂದು ಕೂರುತ್ತದೆ, ಓದುವುದು ಕಷ್ಟ. ರಕಾರ ಪೂರ್ತಿ ಇದ್ದು ಯಕಾರ ಒತ್ತಾಗಿ ಕೆಳಗೆ ಬರಬೇಕು.