ಕೆರೆಗೆ ಒಗ್ಗಿದ ಗಾಳ ಕಾವೇರಿಯಲ್ಲಿ ಯಾಕೆ ಕೈಕೊಡುತ್ತೆ? ದಾರ, ಸೀಸ, ರಾಗಿ ಉಂಡೆ, ತೆಪ್ಪ

ಕೆರೆದಂಡೆ (ಬೆಂಗಳೂರು):

ಕೆರೆಯಲ್ಲಿ ಜಿಲೇಬಿ ಮೀನು (ಟಿಲಾಪಿಯಾ), ಸಣ್ಣ ಕಾಟ್ಲಾ ಹಿಡಿಯೋಕೆ ಬಳಸುತ್ತಿರೋ ಸೆಟ್ ಇದು: 7 ಅಡಿ ರಾಡ್ (ಮೇಲೆ 10–30 ಗ್ರಾಂ ಅಂತ ಬರೆದಿದೆ), 3000ದ ಸ್ಪಿನ್ನಿಂಗ್ ರೀಲ್, 0.28 ಮಿ.ಮೀ. ದಪ್ಪದ ನೈಲಾನ್ ದಾರ. ಇದನ್ನೇ ತಲಕಾಡು ಕಡೆ ಹೊಳೆಗೆ ತಗೊಂಡು ಹೋದರೆ ಮೂರು ತೊಂದರೆ. ಒಂದು, ಐದಾರು ಸಲ ಎಸೆಯೋದರಲ್ಲಿ ಎರಡು ಸಲ ಸೀಸ ಬಂಡೆಗೆ ಸಿಕ್ಕಿ ಎಲ್ಲಾ ಕಿತ್ತುಹೋಗುತ್ತೆ. ಎರಡು, ರಾಗಿ ಉಂಡೆ ಗಾಳಿಯಲ್ಲೇ ಹಾರಿಹೋಗುತ್ತೆ, ಇಲ್ಲಾ ನೀರಿಗೆ ಬಿದ್ದ ಐದು ನಿಮಿಷಕ್ಕೆ ಕರಗುತ್ತೆ. ಮೂರು, ದಾರ ಸುರುಳಿ ಸುರುಳಿಯಾಗಿ ಗಂಟು ಬೀಳುತ್ತೆ. ಹೊಸ ರಾಡ್, ರೀಲ್ ತಗೋಬೇಕಾ, ಇರೋದರಲ್ಲೇ ಸರಿಮಾಡಬಹುದಾ? ತೆಪ್ಪದಲ್ಲಿ ಕೂತು ಹಿಡಿಯೋದರ ಬಗ್ಗೆಯೂ ಗೊತ್ತಿದ್ದವರು ತಿಳಿಸಿ.

ಸೀಸದಗುಂಡು:

ಮೊದಲು ರಾಡಿನ ಲೆಕ್ಕ. 10–30 ಗ್ರಾಂ ಅಂದರೆ ಸೀಸದ ತೂಕ ಮಾತ್ರ ಅಲ್ಲ ಸರ್, ದಾರದ ತುದಿಯಲ್ಲಿ ತೂಗೋದೆಲ್ಲಾ ಸೇರಿ. ನಿಂಬೆಹಣ್ಣಿನ ಗಾತ್ರದ ರಾಗಿ ಉಂಡೆಯೇ 40 ಗ್ರಾಂ ಹತ್ತಿರ ಇರುತ್ತೆ. ಅದಕ್ಕೆ 30 ಗ್ರಾಂ ಸೀಸ ಸೇರಿಸಿದರೆ ಎಪ್ಪತ್ತಾಯಿತು. ಅಷ್ಟು ತೂಕಕ್ಕೆ ನಿಮ್ಮ ರಾಡ್ ಪೂರ್ತಿ ಬಾಗಿ ನಿಲ್ಲುತ್ತೆ. ಆಗ ಜೋರು ಕೊಡಬೇಕು ಅಂತ ಚಾಟಿ ಬೀಸಿದ ಹಾಗೆ ಬೀಸುತ್ತೀರಿ, ಉಂಡೆ ಕಳಚಿ ಹಾರುತ್ತೆ. ಹೊಳೆಗೆ 9 ಅಡಿಯ, 40–80 ಗ್ರಾಂನ ರಾಡ್ ಬೇಕು. ಉದ್ದ ಬೇಕಾಗಿರೋದು ದೂರ ಎಸೆಯೋಕೆ ಅಲ್ಲ, ದಡದ ಬಂಡೆಗಳ ಮೇಲಿಂದ ದಾರ ಎತ್ತಿ ಹಿಡಿಯೋಕೆ. ಎಸೆಯುವಾಗ ಎರಡು ಅಡಿ ದಾರ ಇಳಿಬಿಟ್ಟು ನಿಧಾನಕ್ಕೆ ತೂಗಿ ಬಿಡಿ.

ರೀಲ್ ಆಮೇಲೆ ನೋಡಿ. ತಗೊಳ್ಳೋದಾದರೆ 0.40 ನೈಲಾನ್ 150 ಮೀಟರ್ ಹಿಡಿಸೋದು ತಗೊಳ್ಳಿ, ಸ್ಪೂಲ್ (ದಾರ ಸುತ್ತೋ ಉರುಳೆ) ಮೇಲೆ ಬರೆದಿರುತ್ತೆ. ಸಾಮಾನ್ಯವಾಗಿ 5000ದ ಅಳತೆ. ದಾರ ಸ್ಪೂಲಿನ ಅಂಚಿಗಿಂತ 2 ಮಿ.ಮೀ. ಕೆಳಗೇ ನಿಲ್ಲಬೇಕು. ಅಂಚಿನವರೆಗೂ ತುಂಬಿದರೆ ಎಸೆಯುವಾಗ ಸುತ್ತುಗಳು ಒಟ್ಟಿಗೇ ಕುಸಿದು ಗೂಡು ಕಟ್ಟುತ್ತೆ.

ಇನ್ನು ಸುರುಳಿ. ಮೀನು ಎಳೆದು ಡ್ರ್ಯಾಗ್ (ಜೋರಾಗಿ ಎಳೆದಾಗ ದಾರ ಬಿಟ್ಟುಕೊಡೋ ರೀಲಿನ ಬಿಗಿ) ಜಾರುತ್ತಿರುವಾಗ ಹ್ಯಾಂಡಲ್ ತಿರುಗಿಸೋದೇ ಮುಖ್ಯ ಕಾರಣ. 5:1 ರೀಲಿನಲ್ಲಿ ಹ್ಯಾಂಡಲ್ ಒಂದು ಸುತ್ತು ಹೋದರೆ ದಾರಕ್ಕೆ ಐದು ಹುರಿ ಬೀಳುತ್ತೆ, ಮೀನು ಒಂದಿಂಚೂ ಹತ್ತಿರ ಬರಲ್ಲ. ಅದು ಓಡುವಾಗ ಕೈ ಬಿಡಿ. ನಿಂತಾಗ ರಾಡ್ ಮೇಲೆತ್ತಿ, ಇಳಿಸುತ್ತಾ ಸುತ್ತಿಕೊಳ್ಳಿ. ಈಗಾಗಲೇ ಹುರಿ ಬಿದ್ದ ದಾರ ಬಿಸಾಡಬೇಕಿಲ್ಲ. ಗಾಳ, ಸೀಸ, ಸ್ವಿವೆಲ್ (ತಿರುಗೋ ಕೊಂಡಿ) ಎಲ್ಲಾ ಬಿಚ್ಚಿ ಬರೀ ದಾರವನ್ನು 50 ಮೀಟರ್ ಸೆಳವಿಗೆ ಬಿಡಿ, ಐದು ನಿಮಿಷ ಬಿಟ್ಟು ಎರಡು ಬೆರಳ ಮಧ್ಯೆ ಒತ್ತಿ ಹಿಡಿದು ಸುತ್ತಿಕೊಳ್ಳಿ.

ಡ್ರ್ಯಾಗ್ ಅಂದಾಜಿಗೆ ತಿರುಗಿಸಬೇಡಿ. ದಾರವನ್ನು ರಾಡಿನ ರಿಂಗುಗಳಲ್ಲಿ ಪೋಣಿಸಿ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ರಾಡ್ ಬಾಗಿಸಿ ಎಳೆದು ನೋಡಿ. ದಾರ ತಾಳೋ ತೂಕದ ಕಾಲು ಭಾಗಕ್ಕೆ ಜಾರೋಕೆ ಶುರುವಾಗಬೇಕು. 8 ಕಿಲೋ ದಾರಕ್ಕೆ 2 ಕಿಲೋ. ಹೊಳೆಯಲ್ಲಿ ಮೀನಿನ ಜೊತೆ ಸೆಳವೂ ಎಳೆಯುತ್ತೆ ಅನ್ನೋದು ನೆನಪಿರಲಿ.

ನಟ್ಟುಬೋಲ್ಟು:

ಸೀಸ ಸಿಕ್ಕಿಕೊಳ್ಳೋದನ್ನ ಪೂರ್ತಿ ತಪ್ಪಿಸೋಕೆ ಆಗಲ್ಲ, ಸಿಕ್ಕಿದಾಗ ಸೀಸ ಮಾತ್ರ ಹೋಗೋ ಹಾಗೆ ಕಟ್ಟಬೇಕು. ಮುಖ್ಯ ದಾರಕ್ಕೆ ಸರಾಗ ಓಡೋ ಒಂದು ಸಣ್ಣ ರಿಂಗ್ ಹಾಕಿ, ಅದರ ಕೆಳಗೆ ಒಂದು ಮಣಿ, ಆಮೇಲೆ ಸ್ವಿವೆಲ್. ಸ್ವಿವೆಲಿಂದ ಒಂದೂವರೆ ಅಡಿ ದಾರ, ತುದಿಗೆ ಗಾಳ. ಸೀಸವನ್ನು ಆ ರಿಂಗಿಗೆ 0.22ರ ತೆಳು ದಾರದಲ್ಲಿ ಒಂದು ಗೇಣು ಉದ್ದ ಬಿಟ್ಟು ಕಟ್ಟಿ. ಬಂಡೆಗೆ ಸಿಕ್ಕಿದರೆ ತೆಳು ದಾರ ಕಡಿಯುತ್ತೆ, ಗಾಳವೂ ಮೀನೂ ಉಳಿಯುತ್ತೆ.

ಸೀಸಕ್ಕೆ ದುಡ್ಡು ಸುರಿಯೋದೂ ಬೇಡ, ಹೊಳೆಗೆ ವಿಷ ಹಾಕೋದೂ ಬೇಡ. ಎಸ್.ಪಿ. ರಸ್ತೆಯಲ್ಲೋ ನಿಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲೋ ಕಬ್ಬಿಣದ ನಟ್ಟು ತಗೊಳ್ಳಿ. ಎಂ-16 ಸುಮಾರು 30 ಗ್ರಾಂ, ಎಂ-20 ಸುಮಾರು 60 ಗ್ರಾಂ. ಚಪ್ಪಟೆಯಾಗಿರೋದರಿಂದ ಗುಂಡು ಸೀಸದ ಹಾಗೆ ಉರುಳಿ ಸಂದಿಗೆ ಇಳಿಯಲ್ಲ. ಸೀಸಕ್ಕಿಂತ ಕಬ್ಬಿಣ ಹಗುರ, ಹಾಗಾಗಿ ಸೆಳವು ಜಾಸ್ತಿ ಇದ್ದರೆ ಒಂದು ಅಳತೆ ದೊಡ್ಡದು ಹಾಕಿ.

ಕೊನೆಯ ಎರಡು ಅಡಿ ದಾರವನ್ನು ಪ್ರತಿ ಸಲ ಉಗುರಿನ ನಡುವೆ ಎಳೆದು ನೋಡಿ. ಒರಟು ತಾಕಿದರೆ ಅಷ್ಟನ್ನೂ ಕತ್ತರಿಸಿ ಮತ್ತೆ ಕಟ್ಟಿ. ಕಾವೇರಿಯಲ್ಲಿ ಮೀನು ಕಳಕೊಳ್ಳೋದರಲ್ಲಿ ಅರ್ಧ ಈ ಸೋಮಾರಿತನಕ್ಕೇ.

ಕೆರೆದಂಡೆ:

ಹಾಗಾದರೆ ನೈಲಾನ್ ಬಿಟ್ಟು 30 ಪೌಂಡ್ ತಾಳೋ ಬ್ರೇಡ್ (ಎಳೆ ಹೆಣೆದ ದಾರ) ಹಾಕಿದರೆ ಹೇಗೆ?

ಸೀಸದಗುಂಡು:

ಬಂಡೆ ಜಾಗಕ್ಕೆ ಬೇಡ. ಬ್ರೇಡ್ ನೇರ ಎಳೆತಕ್ಕೆ ಗಟ್ಟಿ, ಬಿಗಿದಾಗ ಕಲ್ಲಿನ ಅಂಚು ತಾಗಿದರೆ ದಾರಕ್ಕೆ ಕತ್ತರಿ ಹಾಕಿದ ಹಾಗೆ. 0.40 ನೈಲಾನ್ ಸ್ವಲ್ಪ ಉಜ್ಜಿಸಿಕೊಂಡೂ ತಾಳುತ್ತೆ, ಹಿಗ್ಗೋದರಿಂದ ಮೊದಲ ಜಗ್ಗಿಗೆ ಕಡಿಯಲ್ಲ.

ನಟ್ಟುಬೋಲ್ಟು:

ಪೂರ್ತಿ ಒಪ್ಪಲ್ಲ. ಕೃತಕ ಮೀನು ಎಸೆದು ಕುಚ್ಚುಮೀನು, ಬಾಳೆಮೀನು ಹಿಡಿಯೋರಿಗೆ ಬ್ರೇಡೇ ಸರಿ, ಎಸೆತ ದೂರ ಹೋಗುತ್ತೆ, ಕಚ್ಚಿದ್ದು ಕೈಗೆ ತಕ್ಷಣ ತಿಳಿಯುತ್ತೆ. ಆದರೆ ತುದಿಗೆ 0.50 ನೈಲಾನ್ ಎರಡು ಮೀಟರ್ ಸೇರಿಸಲೇಬೇಕು. ಡಬಲ್ ಯೂನಿ ಗಂಟು: ಬ್ರೇಡ್ ಕಡೆ ಎಂಟು ಸುತ್ತು, ನೈಲಾನ್ ಕಡೆ ಐದು, ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಯಿರಿ. ಒಣಗಿದ ಗಂಟನ್ನು ಜಗ್ಗಿದರೆ ಬಿಸಿಗೆ ನೈಲಾನ್ ಸುಟ್ಟು ಅಲ್ಲೇ ಸೊರಗುತ್ತೆ. ಬ್ರೇಡ್ ಸುತ್ತೋ ಮುಂಚೆ ಸ್ಪೂಲಿಗೆ ಹತ್ತು ಸುತ್ತು ನೈಲಾನ್ ಹಾಕಿ, ಇಲ್ಲದಿದ್ದರೆ ಇಡೀ ದಾರ ಸ್ಪೂಲಿನ ಮೇಲೇ ಜಾರಿ ತಿರುಗುತ್ತೆ. ರಾಗಿ ಉಂಡೆಗೆ ಕೂರೋದಾದರೆ ಮೇಲಿನವರು ಹೇಳಿದ ಹಾಗೆ ನೈಲಾನ್ ಸಾಕು.

ಮುದ್ದೆಕೋಲು:

ರಾಗಿ ವಿಷಯ ಯಾರೂ ಮುಟ್ಟಿಲ್ಲ. ಹಸಿ ಹಿಟ್ಟು ಕಲಸಿ ಕಟ್ಟಿದರೆ ಕರಗದೆ ಇನ್ನೇನಾಗುತ್ತೆ? ರಾಗಿಗೆ ಗೋಧಿಯ ಅಂಟು ಇಲ್ಲ, ಬೆಂದಾಗ ಮಾತ್ರ ಕಚ್ಚಿಕೊಳ್ಳುತ್ತೆ. ಊಟದ ಮುದ್ದೆಯೂ ಆಗಲ್ಲ, ಅದರಲ್ಲಿ ನೀರು ಜಾಸ್ತಿ.

ಅರ್ಧ ಕಿಲೋ ರಾಗಿ ಹಿಟ್ಟು, ಒಂದು ಹಿಡಿ ಮೈದಾ, ಎರಡು ಚಮಚ ಕಡಲೆಕಾಯಿ ಹಿಂಡಿಯ ಪುಡಿ. ಹಿಂಡಿ ವಾಸನೆಗೆ ಮಾತ್ರ. ಜಾಸ್ತಿ ಹಾಕಿದರೆ ಅದರ ಎಣ್ಣೆಯಂಶಕ್ಕೆ ಉಂಡೆ ಬಿರಿಯುತ್ತೆ. ಬೆಚ್ಚನೆ ನೀರು ಚೂರು ಚೂರೇ ಹಾಕಿ ರೊಟ್ಟಿ ಹಿಟ್ಟಿಗಿಂತ ಗಟ್ಟಿ ಕಲಸಿ, ಕಿತ್ತಳೆ ಗಾತ್ರದ ಉಂಡೆ ಕಟ್ಟಿ, ಕುದಿಯೋ ನೀರಿಗೆ ಬಿಟ್ಟು 20–25 ನಿಮಿಷ ಬೇಯಿಸಿ. ತೆಗೆದು ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ, ಒಳಗಿನ ಹಸಿ ಹಿಟ್ಟೂ ಹೊರಗಿನ ಬೆಂದದ್ದೂ ಒಂದಾಗೋವರೆಗೆ ನಾದಿ. ತಣ್ಣಗಾದ ಮೇಲೆ ನಾದಿದರೆ ಪದರ ಪದರವಾಗಿ ಬಿಡುತ್ತೆ. ಸರಿಯಾದ ಹದಕ್ಕೆ ಬಂದದ್ದು ಎಳೆದರೆ ರಬ್ಬರಿನ ಹಾಗೆ ಸ್ವಲ್ಪ ಹಿಗ್ಗಿ ಆಮೇಲೆ ಹರಿಯುತ್ತೆ. ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬಿಸಿಲಿಗೆ ಇಟ್ಟರೆ ಹೊರಗೆ ತೊಗಟೆ ಕಟ್ಟುತ್ತೆ.

ಮನೆಯಲ್ಲೇ ಪರೀಕ್ಷೆ ಮಾಡಿ: ಗಾಳಕ್ಕೆ ಕಟ್ಟಿ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಆಕಾರ ಉಳಿದಿದ್ದರೆ ಸರಿ. ಗಾಳದ ಮೊನೆ ಉಂಡೆಯಿಂದ ಒಂದು ಕಾಳಿನಷ್ಟು ಹೊರಗೇ ಇರಲಿ. ಇಷ್ಟು ಗಟ್ಟಿ ಉಂಡೆಯೊಳಗೆ ಮೊನೆ ಮುಚ್ಚಿಟ್ಟರೆ ಮೀನು ಉಂಡೆ ಕಚ್ಚಿಕೊಂಡು ಹೋಗುತ್ತೆ, ಮೊನೆ ತುಟಿಗೆ ತಾಗೋದೇ ಇಲ್ಲ. ಜಿಲೇಬಿ ಮರಿಗಳು ಕುಕ್ಕಿ ಕುಕ್ಕಿ ತಿನ್ನೋ ಜಾಗದಲ್ಲಿ ಉಂಡೆ ದೊಡ್ಡದು ಮಾಡಿ, ಇಲ್ಲಾ ಜಾಗ ಬಿಡಿ.

ತೆಪ್ಪದಹುಟ್ಟು:

ತೆಪ್ಪಕ್ಕೆ ಮುಂಚೆ ಜಾಗದ ಮಾತು. ಸಂಗಮ, ಮೇಕೆದಾಟು, ಮುತ್ತತ್ತಿ, ಭೀಮೇಶ್ವರಿ ಎಲ್ಲಾ ಕಾವೇರಿ ವನ್ಯಜೀವಿಧಾಮ. ಅಲ್ಲಿ ಗಾಳ ಹಾಕಿದರೆ ಕೇಸು. ರಂಗನತಿಟ್ಟೂ ಅಷ್ಟೇ. ಅಲ್ಲಿನ ಹಳೇ ಮೀನು ಹಿಡಿಯೋ ಕ್ಯಾಂಪುಗಳ ಫೋಟೋ ನೋಡಿ ಕನಕಪುರ ರಸ್ತೆ ಹಿಡಿಯಬೇಡಿ. ಹೊರಗಿನ ಜಾಗಕ್ಕೂ ಮೀನುಗಾರಿಕೆ ಇಲಾಖೆಯ ಗುತ್ತಿಗೆ, ಪರವಾನಗಿ ಇರುತ್ತೆ. ಊರಿನ ಮೀನುಗಾರರನ್ನು ಕೇಳಿ, ಅವರ ತೆಪ್ಪದಲ್ಲೇ, ಅವರ ಕೈಯಲ್ಲೇ ಹುಟ್ಟು ಕೊಟ್ಟು ಹೋಗಿ.

ತೆಪ್ಪಕ್ಕೆ ಮುಂದು ಹಿಂದು ಇಲ್ಲ. ದೋಣಿಯ ಹಾಗೆ ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯಂತೆ ತಿರುಗುತ್ತೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು. ಭಾರ ಎದುರು ಬದುರು ಸಮ ಇರಲಿ, ತಳದಲ್ಲೇ ಕೂರಿ. ನಿಂತು ಎಸೆಯೋದು ಬೇಡವೇ ಬೇಡ. ದೊಡ್ಡ ಮೀನು ಎಳೆದಾಗ ಎಲ್ಲರೂ ನೋಡೋಕೆ ಒಂದೇ ಕಡೆ ಬಗ್ಗುತ್ತಾರೆ, ಮಗುಚೋದು ಆಗಲೇ.

ನಿಲ್ಲಿಸೋಕೆ 8–10 ಕಿಲೋ ಕಲ್ಲನ್ನು ಬಲೆಚೀಲಕ್ಕೆ ಹಾಕಿ, ನೀರಿನ ಆಳದ ಮೂರರಷ್ಟು ಹಗ್ಗ ಬಿಡಿ. ಹಗ್ಗ ಗಿಡ್ಡ ಇದ್ದರೆ ಸೆಳವು ಅಂಚನ್ನು ಕೆಳಗೆ ಜಗ್ಗಿ ನೀರು ಒಳಗೆ ನುಗ್ಗುತ್ತೆ. ಒಂದೇ ಎಳೆತಕ್ಕೆ ಬಿಚ್ಚೋ ಜೀರುಗಂಟು ಹಾಕಿ, ಚಾಕು ಕೈಗೆಟುಕುವಲ್ಲಿ ಇರಲಿ. ಬಿರುಸು ಸೆಳವಿನಲ್ಲಿ ಕಲ್ಲು ಇಳಿಸಲೇಬೇಡಿ. ಲೈಫ್ ಜಾಕೆಟ್ ಹಾಕಿಕೊಳ್ಳೋಕೆ, ಕೂರೋಕೆ ಅಲ್ಲ.

ಮಳೆ ಇಲ್ಲದ ದಿನವೂ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತೆ. ಬಂದ ತಕ್ಷಣ ನೀರಂಚಿಗೆ ಒಂದು ಕಡ್ಡಿ ನೆಡಿ. ಕಡ್ಡಿ ನಾಲ್ಕು ಬೆರಳು ಮುಳುಗಿದರೆ ಸಾಮಾನು ಕಟ್ಟಿ. ಮೊಸಳೆ ಇರೋ ಹೊಳೆ ಇದು, ಸೊಂಟದ ನೀರಿಗೆ ಇಳಿದು ಎಸೆಯೋದು, ದಡದಲ್ಲೇ ಮೀನು ಸೀಳಿ ಕರುಳು ಚೆಲ್ಲೋದು ಎರಡೂ ಬೇಡ.

ಮುದ್ದೆಕೋಲು:

ಒಂದು ಸೇರಿಸುತ್ತೀನಿ. ರಾಗಿಗೆ ಮಹಶೀರ್, ನಮ್ಮ ಬಿಳಿಮೀನು, ಬಂದರೆ ನೀರಿನಲ್ಲೇ ಇಟ್ಟು ಗಾಳ ಬಿಡಿಸಿ ಬಿಟ್ಟುಬಿಡಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ (ಬೇಟೆ ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುತ್ತಿದ್ದ ಮನೆತನದವರು) ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ. ಆ ಕಿತ್ತಳೆ ರೆಕ್ಕೆಯ, ಬೆನ್ನು ಡುಬ್ಬದ ಜಾತಿ 2018ರಿಂದ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿದೆ. ಗಾಳದ ಮೊನೆಯ ಹಿಂದಿರೋ ಸಣ್ಣ ಮುಳ್ಳನ್ನು ಇಕ್ಕಳದಲ್ಲಿ ಮೊದಲೇ ಒತ್ತಿಬಿಟ್ಟರೆ ಬಿಡಿಸೋದು ಸುಲಭ. ದಾರ ಸಡಿಲ ಬಿಡದಿದ್ದರೆ ಮುಳ್ಳಿಲ್ಲದ ಗಾಳದಿಂದಲೂ ಮೀನು ತಪ್ಪಿಸಿಕೊಳ್ಳಲ್ಲ.

ಕೆರೆದಂಡೆ:

ತುಂಬಾ ಥ್ಯಾಂಕ್ಸ್. ರಾಡ್ ಒಂದು ಬದಲಾಯಿಸಿ, 0.40 ಹಾಕಿ, ನಟ್ಟು ತಗೋತೀನಿ. 9 ಅಡಿ ರಾಡ್ ಬಸ್ಸಿನಲ್ಲಿ ತಗೊಂಡು ಹೋಗೋದು ಹೇಗೆ?

ನಟ್ಟುಬೋಲ್ಟು:

ಎರಡು ತುಂಡಿನದು ತಗೊಂಡರೆ ನಾಲ್ಕೂವರೆ ಅಡಿ ಆಗುತ್ತೆ. 75 ಮಿ.ಮೀ. ಪಿವಿಸಿ ಪೈಪ್ 5 ಅಡಿ, ಎರಡೂ ಕಡೆ ಮುಚ್ಚಳ, ಒಳಗೆ ತಳಕ್ಕೆ ಸ್ಪಾಂಜ್. 63ರದ್ದು ತಗೊಂಡರೆ ಎರಡು ತುಂಡು ಒಟ್ಟಿಗೆ ಇಳಿಸುವಾಗ ದೊಡ್ಡ ರಿಂಗ್ ತಾಗಬಹುದು. ವಾಪಸ್ ಬಂದ ಮೇಲೆ ಒದ್ದೆ ರಾಡ್ ಪೈಪಿನಲ್ಲೇ ಬಿಡಬೇಡಿ, ಕಾರ್ಕ್ ಹಿಡಿಗೆ ಬೂಸ್ಟು ಬರುತ್ತೆ, ರಿಂಗಿನ ಕಾಲು ತುಕ್ಕು ಹಿಡಿಯುತ್ತೆ.