ಸಹಾಯ ಬೇಕು: ಗಿಲಾವಿಗೆ ಸಿಮೆಂಟ್ ಎಷ್ಟು, ಉಸುಕು ಎಷ್ಟು?

ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸುತ್ತಿದ್ದೇನೆ, ಒಳಗಿನ ಗಿಲಾವು ಬರುವ ವಾರ ಶುರು. ಬಾಗಿಲು, ಕಿಟಕಿ ಕಳೆದು ಗೋಡೆ 1200 ಚದರ ಅಡಿ, ಛತ್ತಿನ ಕೆಳಭಾಗ 600. ಗೋಡೆಗೆ 12 ಮಿ.ಮೀ. ದಪ್ಪ, 1:6 ಮಿಶ್ರಣ (ಒಂದು ಪಾಲು ಸಿಮೆಂಟ್, ಆರು ಪಾಲು ಉಸುಕು). ಛತ್ತಿಗೆ 6 ಮಿ.ಮೀ., 1:4. ನೀರು ಬಿದ್ದರೆ ಒಣ ಮಾಲು ಕುಗ್ಗುತ್ತದೆ, ಹಾಗಾಗಿ ಘನ ಅಳತೆಯನ್ನು 1.33ರಿಂದ ಗುಣಿಸಿದ್ದೇನೆ. 50 ಕಿಲೋ ಚೀಲಕ್ಕೆ ಸುಮಾರು 35 ಲೀಟರ್ ಹಿಡಿದರೆ ಗೋಡೆಗೆ ಏಳೂವರೆ ಚೀಲ, ಛತ್ತಿಗೆ ಎರಡೂವರೆ. ಉಸುಕು ಎರಡಕ್ಕೂ ಸೇರಿ ಸುಮಾರು 66 ಘನ ಅಡಿ, ಮುಕ್ಕಾಲು ಬ್ರಾಸೂ ಇಲ್ಲ (ಒಂದು ಬ್ರಾಸ್ ಎಂದರೆ 100 ಘನ ಅಡಿ).

ಗೌಂಡಿಯವರು ಮಾತ್ರ, "ಹದಿನಾರು ಚೀಲ ತರಿಸಿರಿ ಸಾಹೇಬರೇ, ನಿಮ್ಮ ಲೆಕ್ಕ ಕಾಗದದ್ದು, ಗೋಡೆ ಇಟ್ಟಂಗಿಯದು" ಎನ್ನುತ್ತಾರೆ. ತಳ್ಳಿಹಾಕುವ ಮಾತಲ್ಲ. ಒಂಬತ್ತು ಇಂಚಿನ ಗೋಡೆಯ ಒಂದು ಮುಖ ನೇರವಾಗಿದೆ, ಇನ್ನೊಂದರಲ್ಲಿ ಇಟ್ಟಂಗಿ ಒಳಹೊರಗಾಗಿವೆ. ತೂಗುಗುಂಡು ಬಿಟ್ಟು ನೋಡಿದರೆ ಅಲ್ಲಲ್ಲಿ 20 ಮಿ.ಮೀ. ತುಂಬಬೇಕು. ಆದರೂ ನನ್ನ ಲೆಕ್ಕದ ಹತ್ತು ಚೀಲಕ್ಕಿಂತ ಆರು ಚೀಲ ಹೆಚ್ಚು ಬೇಕೇ? ಉಳಿದರೆ ಈ ಮಳೆಯ ಹವೆಯಲ್ಲಿ ಗಂಟುಕಟ್ಟುತ್ತದೆ.

ಸಂದು, ಉಬ್ಬುತಗ್ಗು, ಉದುರುವ ಮಾಲಿಗೆ ನೀವು ಶೇಕಡಾ ಎಷ್ಟು ಸೇರಿಸುತ್ತೀರಿ? ಗಿಲಾವಿನ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಉಸುಕು) ಬಳಸಿದರೆ ಸಾಣಿಸುವುದು ಬೇಕೇ? ಇತ್ತೀಚೆಗೆ ಈ ಕಡೆ ಗಿಲಾವು ಮಾಡಿಸಿದವರು ಚದರ ಅಡಿಯ ಲೆಕ್ಕದೊಂದಿಗೆ ದಯವಿಟ್ಟು ತಿಳಿಸಿ.